ದಾಖಲಾತಿ ಅರ್ಜಿಯ ಎರಡು ಕಾಲಂಗಳು

ಮಾರ್ಚ್ ಪರೀಕ್ಷೆ ಮುಗಿದು ಗೇರುಬೀಜ ಹೆಕ್ಕುವ ಕಾಲ ಬಂತೆಂದರೆ, ಐದು ವರ್ಷದ ಮಗುವಿರುವ ಮನೆಯವರು ಕೇಳುವುದು ಒಂದೇ ಪ್ರಶ್ನೆ: “ಮಾಸ್ಟ್ರೇ, ಯಾವ ಶಾಲೆ ಒಳ್ಳೆಯದು?” ಮಂಜೇಶ್ವರ ಉಪಜಿಲ್ಲೆಯಲ್ಲಿ ಮೊದಲು ಅಧ್ಯಾಪಕನಾಗಿ, ಅನಂತರ ಮುಖ್ಯೋಪಾಧ್ಯಾಯನಾಗಿ ಕೆಲಸ ಮಾಡಿದ ನನಗೆ ಈ ಪ್ರಶ್ನೆಗೆ ನೇರ ಉತ್ತರ ಕೊಡಲು ಇಂದಿಗೂ ಸಾಧ್ಯವಾಗಿಲ್ಲ. ಕಾಸರಗೋಡಿನ ಅನೇಕ ಶಾಲೆಗಳಲ್ಲಿ ಒಂದೇ ಮಾಡಿನ ಕೆಳಗೆ ಕನ್ನಡ, ಮಲಯಾಳ, ಇಂಗ್ಲಿಷ್ ಎಂದು ಎರಡು ಮೂರು ಶಾಲೆಗಳೇ ನಡೆಯುತ್ತಿರುತ್ತವೆ. ಆಟದ ಬಯಲು, ಅನ್ನದ ಪಾತ್ರೆ, ಮುಖ್ಯೋಪಾಧ್ಯಾಯರು ಎಲ್ಲವೂ ಒಂದೇ ಆಗಿದ್ದರೂ ಮಗು ಯಾವ ಡಿವಿಷನ್ನಿನಲ್ಲಿ ಕುಳಿತಿತು ಎಂಬುದರ ಮೇಲೆ ಅದರ ಮುಂದಿನ ಹತ್ತು ವರ್ಷಗಳು ನಿಲ್ಲುತ್ತವೆ. ಆದುದರಿಂದ ಶಾಲೆ ಯಾವುದು ಎನ್ನುವುದಕ್ಕಿಂತ ಮೊದಲು, ಆ ಶಾಲೆಯೊಳಗಿನ ಯಾವ ತರಗತಿ ಎಂಬುದನ್ನು ಹೆತ್ತವರು ನಿರ್ಧರಿಸಬೇಕು.

ಅರ್ಜಿಯಲ್ಲಿ ಇದಕ್ಕೆ ಸಂಬಂಧಿಸಿದ ಎರಡು ಕಾಲಂಗಳಿವೆ. ಒಂದು ಬೋಧನಾ ಮಾಧ್ಯಮ, ಇನ್ನೊಂದು ಪ್ರಥಮ ಭಾಷೆ. ಇವೆರಡೂ ಒಂದೇ ಎಂದು ತಿಳಿದಿರುವವರೇ ಹೆಚ್ಚು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳನ್ನು ಯಾವ ಭಾಷೆಯಲ್ಲಿ ಕಲಿಯುತ್ತಾರೆ ಎಂಬುದು ಮಾಧ್ಯಮ. ಭಾಷೆಯಾಗಿಯೇ ಯಾವುದನ್ನು ಕಲಿಯುತ್ತಾರೆ ಎಂಬುದು ಪ್ರಥಮ ಭಾಷೆ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ ಎರಡು ಪತ್ರಿಕೆಗಳಿದ್ದು, ಮೊದಲನೆಯದರಲ್ಲಿ ಕನ್ನಡದ ಜತೆಗೆ ಸಂಸ್ಕೃತ, ಅರಬಿ, ಉರ್ದುಗಳೂ ಆಯ್ಕೆಗಿರುತ್ತವೆ. ಎರಡನೆಯದರಲ್ಲಿ ಕನ್ನಡವನ್ನೇ ಉಳಿಸಿಕೊಳ್ಳಬಹುದು. ಹಾಗಾಗಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಗು ಕನ್ನಡವನ್ನು ಬಿಟ್ಟುಬಿಡಬೇಕಾಗಿಲ್ಲ. ಸಂಸ್ಕೃತವನ್ನೋ ಅರಬಿಯನ್ನೋ ಕಲಿಯುವ ಮಗುವಿಗೂ ಕನ್ನಡ ಸಿಗುತ್ತದೆ. ಆದರೆ ಹೆತ್ತವರು ಕೇಳಿ ಬರೆಸಿದರೆ ಮಾತ್ರ.

ಕೇಳಿ ಬರೆಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ತಪ್ಪಿನ ಉದಾಹರಣೆಯಿದೆ. ಒಂದು ವರ್ಷ ಜೂನ್ ಮೊದಲ ವಾರದ ಗಡಿಬಿಡಿಯಲ್ಲಿ, ಮನೆಯಲ್ಲಿ ತುಳು ಮಾತನಾಡುವ ಒಂದು ಹುಡುಗಿಯನ್ನು ಇಂಗ್ಲಿಷ್ ಮಾಧ್ಯಮದ ಐದನೆಯ ತರಗತಿಗೆ ಸೇರಿಸಲು ಬಂದ ತಂದೆ, ಅರ್ಜಿಯನ್ನು ಅರ್ಧ ತುಂಬಿ, ಸಹಿ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಖಾಲಿ ಬಿದ್ದಿದ್ದ ಪ್ರಥಮ ಭಾಷೆಯ ಕಾಲಮ್ಮಿನಲ್ಲಿ ಯಾರೋ ಮಲಯಾಳ ಎಂದು ಬರೆದರು. ಕಂಪ್ಯೂಟರಿಗೂ ಅದೇ ಏರಿತು, ಕೆಳಗೆ ನಾನು ಸಹಿ ಹಾಕಿದೆ. ನಾಲ್ಕು ವರ್ಷ ಕನ್ನಡ ಓದಿದ್ದ ಮಗು ಮಲಯಾಳ ಪಾಠಕ್ಕೆ ಸುಮ್ಮನೆ ಕುಳಿತಿರುತ್ತಿದ್ದುದು ನಮಗೆ ಗೊತ್ತಾದದ್ದು ಓಣಂ ಪರೀಕ್ಷೆಯ ಉತ್ತರ ಪತ್ರಿಕೆ ಖಾಲಿಯಾಗಿ ಬಂದಾಗ. ಸರಿಪಡಿಸಿದೆವು, ನಿಜ, ಆದರೆ ಆ ಹುಡುಗಿ ಮೂರು ತಿಂಗಳು ತನ್ನನ್ನು ದಡ್ಡಿ ಎಂದುಕೊಂಡಿದ್ದಳು. ಅಂದಿನಿಂದ ಈ ಎರಡು ಕಾಲಂಗಳನ್ನು ಹೆತ್ತವರ ಎದುರಿಗೆ ಗಟ್ಟಿಯಾಗಿ ಓದದೆ ನಾನು ಸಹಿ ಹಾಕಿದವನಲ್ಲ.

ಕನ್ನಡ ಮಾಧ್ಯಮ ಎಂಬುದು ಯಾರೋ ದಯೆಯಿಂದ ಕೊಟ್ಟದ್ದಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ದಿನವೇ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಶ್ರಮಿಸಬೇಕೆಂದು ಅದು ರಾಜ್ಯಗಳಿಗೆ ಹೇಳುತ್ತದೆ. ಹೀಗಿದ್ದರೂ, ಕನ್ನಡ ಮಾಧ್ಯಮ ಎಂಬ ಫಲಕವನ್ನು ಮಾತ್ರ ನೋಡಿ ಮಗುವನ್ನು ಸೇರಿಸಿ ಎಂದು ನಾನು ಹೇಳಲಾರೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದ ಪ್ರಸಂಗಗಳು, ಅದರ ವಿರುದ್ಧ ಮಕ್ಕಳೂ ಹೆತ್ತವರೂ ಧರಣಿ ಕುಳಿತದ್ದು ಈ ಜಿಲ್ಲೆಯಲ್ಲಿ ಹೊಸತಲ್ಲ. ಆದುದರಿಂದ ಪ್ರವೇಶೋತ್ಸವದ ಬಲೂನು, ತೋರಣಗಳ ದಿನ ಅಲ್ಲ, ಅದಕ್ಕಿಂತ ಮೊದಲೇ, ಫೆಬ್ರವರಿಯ ಒಂದು ಸಾಧಾರಣ ದಿನ ಶಾಲೆಗೆ ಹೋಗಿ ನಾಲ್ಕು ವಿಷಯ ವಿಚಾರಿಸಬೇಕು. ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಕಲಿಸುವವರು ಯಾರು, ಅವರು ಕಾಯಂ ಅಧ್ಯಾಪಕರೋ ದಿನಗೂಲಿಯವರೋ, ಕಳೆದ ವರ್ಷ ಕನ್ನಡ ಪಠ್ಯಪುಸ್ತಕ ಯಾವ ತಿಂಗಳು ಕೈಗೆ ಬಂತು, ಈ ಶಾಲೆಯಿಂದ ಹೊರಬಿದ್ದ ಮಕ್ಕಳಿಗೆ ಕನ್ನಡ ಮಾಧ್ಯಮದ ಹೈಸ್ಕೂಲು ನಡೆಯುವ ದೂರದಲ್ಲೋ ಬಸ್ಸಿನ ದೂರದಲ್ಲೋ ಇದೆಯೇ. ಈ ಕೊನೆಯ ಪ್ರಶ್ನೆಯನ್ನು ಎಲ್.ಪಿ. (ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಕಿರಿಯ ಪ್ರಾಥಮಿಕ) ಶಾಲೆಗೆ ಸೇರಿಸುವಾಗ ಯಾರೂ ಕೇಳುವುದಿಲ್ಲ. ನಾಲ್ಕನೆಯ ತರಗತಿ ಮುಗಿದಾಗ ಎಲ್ಲರೂ ಕೇಳುತ್ತಾರೆ.

ಗಡಿ ದಾಟಿ ತಲಪಾಡಿಯಾಚೆಗೋ ವಿಟ್ಲದ ಕಡೆಗೋ ಮಕ್ಕಳನ್ನು ಕಳುಹಿಸುವ ಮನೆಗಳೂ ಇವೆ. ಅದರಲ್ಲಿ ತಪ್ಪೇನಿಲ್ಲ, ಆದರೆ 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳನ್ನು ಮುಚ್ಚಿದಾಗ ಈಚೆ ಸಿಕ್ಕಿಹಾಕಿಕೊಂಡ ಮಕ್ಕಳ ಪಾಡನ್ನು ಕಂಡವರು ಒಮ್ಮೆ ಯೋಚಿಸುತ್ತಾರೆ. ಕರ್ನಾಟಕದಲ್ಲಿ ಮುಂದೆ ಓದಬೇಕೆಂಬ ಒಂದೇ ಕಾರಣಕ್ಕೆ ಒಂದನೆಯ ತರಗತಿಯಿಂದಲೇ ಅಲ್ಲಿಗೆ ಹೋಗಬೇಕೆಂದೇನೂ ಇಲ್ಲ. ಅಲ್ಲಿನ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ವಿಭಾಗವಿದ್ದು, ತಾಯ್ನುಡಿ ಕನ್ನಡ, ತುಳು ಅಥವಾ ಕೊಡವ ಆಗಿರಬೇಕೆಂಬ ಷರತ್ತೂ ಕನ್ನಡ ಭಾಷಾ ಪರೀಕ್ಷೆಯೂ ಅದಕ್ಕಿವೆ. ಕನ್ನಡ ಬರೆಯಲು ಬಾರದ ಗಡಿನಾಡ ಕನ್ನಡಿಗನಿಗೆ ಅದು ದಕ್ಕುವುದಿಲ್ಲ.

ದಾಖಲೆಗಳ ವಿಷಯ ಸರಳ. ಜನನ ಪ್ರಮಾಣಪತ್ರ ಮತ್ತು ಆಧಾರ್ ಇದ್ದರೆ ಹೆಚ್ಚಿನ ಕೆಲಸ ಮುಗಿಯಿತು. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದೆ ಕಳುಹಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 14ನೆಯ ಸೆಕ್ಷನ್ ಹೇಳುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂಬ ನೆಪವೂ ಸಲ್ಲದು ಎಂದು 5ನೆಯ ಸೆಕ್ಷನ್ ಹೇಳುತ್ತದೆ. ಮಗುವಿಗೋ ಹೆತ್ತವರಿಗೋ ಸಂದರ್ಶನ, ಪರೀಕ್ಷೆ ನಡೆಸಿ ಆರಿಸುವುದನ್ನು 13ನೆಯದು ನಿಷೇಧಿಸುತ್ತದೆ. ಹೆಸರಿನ ಬಗ್ಗೆ ಮಾತ್ರ ಎಚ್ಚರ ಬೇಕು. ಮಲಯಾಳದಲ್ಲಿ ಪೂರ್ಣಿಮಾ ಪೂರ್ಣಿಮ ಆಗುತ್ತಾಳೆ, ಗೀತಾ ಗೀತ ಆಗುತ್ತಾಳೆ. ಅಲ್ಲಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ಬರುವಷ್ಟರಲ್ಲಿ ಮನೆಯವರೇ ಗುರುತಿಸದ ಹೆಸರೊಂದು ಹುಟ್ಟಿರುತ್ತದೆ. ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲೆಯ ರಿಜಿಸ್ಟರುಗಳಲ್ಲಿ ಇಂಗ್ಲಿಷ್ ಅಕ್ಷರಗಳು, ಇನಿಶಿಯಲ್ ಸಹಿತ, ಒಂದೇ ಆಗಿರಲಿ. ಒಂದನೆಯ ತರಗತಿಯಲ್ಲಿ ಹತ್ತು ನಿಮಿಷದ ಈ ಕೆಲಸವನ್ನು ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ಬಂದ ಮೇಲೆ ಮಾಡಹೊರಟರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಇನ್ನು ದಿನಾಂಕದ ಮಾತು. ಜೂನ್ ಪೂರ್ತಿ ಸಮಯವಿದೆ, ಮಳೆ ಹದಕ್ಕೆ ಬರಲಿ ಎಂದು ಕಾಯುವವರಿದ್ದಾರೆ. ಶಾಲೆ ತೆರೆದ ಆರನೆಯ ಕೆಲಸದ ದಿನ ‘ಸಂಪೂರ್ಣ’ ಎಂಬ ಶಾಲಾ ದಾಖಲೆಗಳ ತಂತ್ರಾಂಶದಲ್ಲಿ ಇರುವ ಮಕ್ಕಳ ಎಣಿಕೆಯ ಮೇಲೆ ಆ ವರ್ಷದ ಡಿವಿಷನ್‌ಗಳೂ ಅಧ್ಯಾಪಕ ಹುದ್ದೆಗಳೂ ನಿಗದಿಯಾಗುತ್ತವೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಎಲ್.ಪಿ.ಯಲ್ಲಿ 30 ಮಕ್ಕಳಿಗೆ ಒಬ್ಬ ಅಧ್ಯಾಪಕ ಎಂಬುದು ಲೆಕ್ಕ. ಏಳನೆಯ ದಿನ ಬಂದ ಮಗುವಿಗೆ ಬೆಂಚು ಸಿಗುತ್ತದೆ, ಅನ್ನವೂ ಸಿಗುತ್ತದೆ, ಆದರೆ ಹುದ್ದೆಯ ಲೆಕ್ಕಕ್ಕೆ ಆ ಮಗು ಬರುವುದಿಲ್ಲ. ಆಧಾರ್ ಸಂಖ್ಯೆ ಸರಿಹೊಂದದಿದ್ದರೂ ಎಣಿಕೆಯಲ್ಲಿ ತೊಡಕಾಗುತ್ತದೆ. ಮಕ್ಕಳೇ ಕಡಿಮೆಯಿರುವ ಕನ್ನಡ ಡಿವಿಷನ್ನಿನಲ್ಲಿ ಒಂದೆರಡು ತಲೆ ಕಡಿಮೆಯಾದರೂ ಹುದ್ದೆಯೊಂದು ಹೋಗಬಹುದು. ಹೋದ ಹುದ್ದೆ ಮರಳಿ ಬರುವುದು ನಿಧಾನ. ಹಾಗಾಗಿ ಆಧಾರ್ ಇಲ್ಲದ ಮಗುವಿಗೆ ಏಪ್ರಿಲಿನಲ್ಲೇ ಸರಕಾರಿ ಆನ್‌ಲೈನ್ ಸೇವೆ ಒದಗಿಸುವ ಅಕ್ಷಯ ಕೇಂದ್ರಕ್ಕೆ ಹೋಗಿ ಮಾಡಿಸಿಕೊಳ್ಳಿ; ಮೇ ತಿಂಗಳಲ್ಲಿ ಶಾಲೆಗೆ ಬಂದು, ಅರ್ಜಿ ಕೊಟ್ಟು, ಅಡ್ಮಿಷನ್ ನಂಬರ್ ಕೇಳಿ ಬರೆದುಕೊಂಡು, ಕಂಪ್ಯೂಟರಿನ ಪರದೆಯನ್ನು ನಿಮ್ಮತ್ತ ತಿರುಗಿಸಿ ಆ ಎರಡು ಕಾಲಂಗಳನ್ನು ತೋರಿಸುವಂತೆ ಹೇಳಿ. ಮುಖ್ಯೋಪಾಧ್ಯಾಯರು ಬೇಸರಪಟ್ಟುಕೊಳ್ಳುವುದಿಲ್ಲ. ಪಟ್ಟುಕೊಂಡರೂ ನೋಡಿಯೇ ಹೊರಡಿ.