ಲೋಹದ ಮೈಯೊಳಗಿನ ನರ್ತಕಿ

ವಿಜ್ಞಾನ ಕಥೆಗಳಲ್ಲಿ ಹೆಣ್ಣಿನ ಕೃತಕ ದೇಹವನ್ನು ಕಟ್ಟುವವನು ಬಹುಮಟ್ಟಿಗೆ ಗಂಡಸೇ. ಕಟ್ಟಿದ ಮೇಲೆ ಅವಳಿಗೆ ಮರುಳಾಗುತ್ತಾನೆ, ಇಲ್ಲವೇ ಹೆದರುತ್ತಾನೆ. ಈ ಹೆದರಿಕೆಯ ಬೇರನ್ನು ಮೇರಿ ಶೆಲ್ಲಿ 1818ರ ಕಾದಂಬರಿಯಲ್ಲೇ ತೋರಿಸಿಕೊಟ್ಟಿದ್ದರು. ಅದರಲ್ಲಿ ವಿಜ್ಞಾನಿ ಫ್ರಾಂಕನ್‌ಸ್ಟೈನ್ ತಾನು ಸೃಷ್ಟಿಸಿದ ಜೀವಿಗೊಂದು ಜೊತೆಗಾತಿಯನ್ನು ಮಾಡಲು ತೊಡಗಿ, ಅರ್ಧದಲ್ಲೇ ಆ ದೇಹವನ್ನು ಹರಿದು ಚೂರು ಮಾಡುತ್ತಾನೆ. ಅವಳೂ ಯೋಚಿಸಬಲ್ಲವಳಾಗಿ, ತಾನು ಹುಟ್ಟುವ ಮೊದಲೇ ಅವರಿಬ್ಬರು ಮಾಡಿಕೊಂಡ ಒಪ್ಪಂದಕ್ಕೆ ತಲೆಬಾಗದೆ ಹೋದರೆ ಎಂಬ ಅಂಜಿಕೆ ಅವನದು.

ಅಂಥ ದೇಹದ ಒಳಗೆ ಇರುವವಳಿಗೆ ಏನನ್ನಿಸುತ್ತದೆ? ಅಮೆರಿಕದ ಲೇಖಕಿ ಸಿ.ಎಲ್. ಮೂರ್ 1944ರ ಒಂದು ನೀಳ್ಗತೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ರಂಗಮಂದಿರದ ಬೆಂಕಿಯಲ್ಲಿ ಸುಟ್ಟುಹೋದ ನರ್ತಕಿ ಡಿಯರ್‌ಡ್ರಿಯ ಮಿದುಳನ್ನು ಲೋಹದ ಮೈಯಲ್ಲಿ ಇರಿಸುತ್ತಾರೆ. ಅದಕ್ಕೆ ಮುಖವಿಲ್ಲ. ಕಣ್ಣಿರಬೇಕಾದ ಕಡೆ ಬಿದಿಗೆ ಚಂದ್ರನಂಥ ಒಂದು ಮಸುಕು ಪಟ್ಟಿ. ಆದರೂ ಅವಳು ಕದಲಿದ್ದೇ ತಡ, ನೋಡುವವರಿಗೆ ಹಳೆಯ ಡಿಯರ್‌ಡ್ರಿಯೇ ಕಾಣುತ್ತಾಳೆ. ಹೊನ್ನಾವರ, ಕುಮಟಾ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಕೂಡಲೇ ಮನವರಿಕೆಯಾಗುತ್ತದೆ. ಸ್ತ್ರೀವೇಷದ ಗಂಡಸನ್ನು ದ್ರೌಪದಿಯಾಗಿಸುವುದು ಸೀರೆಗಿಂತ ಹೆಚ್ಚಾಗಿ ಅವನ ನಡಿಗೆ, ಕತ್ತಿನ ಕೊಂಕು.

ಮೂರ್ ಅವರ ಊಹೆಗೆ ಮುಂದೆ ಪುರಾವೆಯೂ ಸಿಕ್ಕಿತು. ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಡೆಯುವವರ ಕೀಲುಗಳಿಗೆ ಮಾತ್ರ ಬೆಳಕಿನ ಚುಕ್ಕೆಗಳಿದ್ದವು, ಉಳಿದದ್ದೆಲ್ಲ ಕತ್ತಲು. ನಿಂತಾಗ ಅರ್ಥವಿಲ್ಲದ ಚುಕ್ಕೆಗಳು. ಹೆಜ್ಜೆ ಇಟ್ಟೊಡನೆ ಮನುಷ್ಯ! ನಮ್ಮ ಮಿದುಳು ಚಲನೆಯಿಂದಲೇ ದೇಹವನ್ನು ಕಟ್ಟಿಕೊಳ್ಳುತ್ತದೆ.

ಡಿಯರ್‌ಡ್ರಿಗೆ ನೋಟ, ಶ್ರವಣ ಉಳಿದಿವೆ. ಸ್ಪರ್ಶ, ವಾಸನೆ, ರುಚಿ ಹೋಗಿವೆ. ಕಥೆ ನನ್ನನ್ನು ಅತ್ಯಂತ ಕಾಡುವುದು ಇಲ್ಲಿ: ನೆಲ ಮುಟ್ಟಿದ್ದು ತಿಳಿಯದೆ ನರ್ತಿಸುವುದು ಹೇಗೆ?

ಕಾಲು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್ 1984ರಲ್ಲಿ ಮತ್ತೆ ವೇದಿಕೆ ಹತ್ತಿದ್ದು ಜೈಪುರ ಕಾಲು ಧರಿಸಿ. ಬರಿಗಾಲಲ್ಲಿ ನಡೆಯುವ, ಕುಕ್ಕರಗಾಲಲ್ಲಿ ಕೂರುವ, ಗದ್ದೆಗಿಳಿಯುವ ಜನರಿಗೆಂದೇ ರೂಪಿಸಿದ ರಬ್ಬರಿನ ಪಾದ ಅದು. ಅದಕ್ಕೆ ನರಗಳಿಲ್ಲ. ಕೃತಕ ಕಾಲಿನ ಕವಚವು ಕತ್ತರಿಸಿ ಉಳಿದ ಕಾಲಿನ ತುದಿಯನ್ನು ಎಲ್ಲಿ, ಎಷ್ಟು ಒತ್ತುತ್ತದೆ ಎಂಬುದರಿಂದಲೇ ನೆಲವನ್ನು ತಿಳಿಯಬೇಕು. ಕೈಗಳ ವಿಷಯದಲ್ಲಿ ಸಂಶೋಧನೆ ಒಂದು ಹೆಜ್ಜೆ ಮುಂದಿದೆ. ತೋಳಿನ ನರಗಳಿಗೆ ವಿದ್ಯುದ್ವಾರ ಅಳವಡಿಸಿಕೊಂಡ ವ್ಯಕ್ತಿಯೊಬ್ಬರು, ಕಣ್ಣು ಕಟ್ಟಿದ್ದರೂ ಕೃತಕ ಕೈಯಲ್ಲಿ ಹಿಡಿದದ್ದು ಗಟ್ಟಿಯೋ ಮೆತ್ತಗೋ ಎಂದು ಗುರುತಿಸಿದರೆಂದು 2014ರಲ್ಲಿ ವರದಿಯಾಯಿತು.

ಕಡಲಿನ ಭರತ ಇಳಿದಾಗ ಅಘನಾಶಿನಿ ನದಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರು ಕೆಸರಿನಲ್ಲಿ ಕಣ್ಣಿಗಿಂತ ಕೈಕಾಲುಗಳನ್ನೇ ನಂಬುತ್ತಾರೆ. ಅವರಲ್ಲೊಬ್ಬಳಿಗೆ ಕೃತಕ ಪಾದ ಬೇಕಾದರೆ ಅದು ಉಪ್ಪುನೀರಿಗೆ ಹಾಳಾಗಬಾರದು, ಹೂಳಿನಲ್ಲಿ ಕಚ್ಚಿಕೊಳ್ಳಬಾರದು, ಕಲ್ಲು ಯಾವುದು, ಚಿಪ್ಪು ಯಾವುದು ಎಂದು ಅವಳಿಗೆ ತಿಳಿಸಬೇಕು. ನೋಡಲು ಹೇಗಿರಬೇಕೆಂಬುದನ್ನು ಆಮೇಲೆ ಅವಳೇ ಹೇಳುತ್ತಾಳೆ.