ಮೊದಲ ನಲವತ್ತು ದಿನಕ್ಕೆ ಏನೇನು ಬೇಕು?

ಏಪ್ರಿಲ್ ಕೊನೆಯಲ್ಲಿ ಒಂದು ಜೋಡಿ ಕ್ಲಿನಿಕ್‌ಗೆ ಬಂದಿತ್ತು. ಚೊಚ್ಚಲ ಬಸಿರು, ಏಳು ತಿಂಗಳು. ಜುಲೈ ಮೊದಲ ವಾರಕ್ಕೆ ಡೇಟು. ಇನ್ನೂ ಹುಟ್ಟದ ಮಗುವಿಗೆ ಮಕ್ಕಳ ಡಾಕ್ಟರ್ ಹತ್ತಿರ ಏನು ಕೆಲಸ ಅಂತ ರಿಸೆಪ್ಷನ್ ಹುಡುಗಿ ಅವರನ್ನು ವಾಪಸ್ ಕಳಿಸುವುದರಲ್ಲಿದ್ದಳು. ಅವರ ಮೊಬೈಲ್‌ನಲ್ಲಿ 64 ಸಾಮಾನಿನ ಪಟ್ಟಿ ಇತ್ತು. ಅದರಲ್ಲಿ ಬೇಡದ್ದನ್ನು ಯಾರಾದರೂ ಹೊಡೆದು ಹಾಕಬೇಕಿತ್ತು.

"ಸಾಮಾನು ಕಮ್ಮಿ ಇಟ್ಕೊಂಡು ಬದುಕೋರು ನಾವು. ಮಗು ಬರುತ್ತೆ ಅಂದ ಕೂಡಲೇ ಅಂಗಡಿನೇ ಮನೆಗೆ ಬರ್ತಿದೆ" ಅಂದಳು ಆಕೆ.

ನಾನು ಮೊದಲು ಕೇಳಿದ್ದು, ಬಾಣಂತನ ಎಲ್ಲಿ ಅಂತ. ಹಾಸನದಲ್ಲಿ, ತಾಯಿ ಮನೆ. ಅಲ್ಲಿಗೆ ಅರ್ಧ ಪಟ್ಟಿ ಮುಗಿಯಿತು. ಅಟ್ಟದ ಮೇಲೆ ತೊಟ್ಟಿಲಿದೆ, ನೀರು ಹಾಕಲು ಅಜ್ಜಿ ಇದ್ದಾರೆ, ಕಾಲಿನ ಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸುವ ಮನೆಯಲ್ಲಿ ಪ್ಲಾಸ್ಟಿಕ್ ಬಾತ್‌ಟಬ್ ಯಾಕೆ? ಜೊತೆಗೆ ಆ ಅಜ್ಜಿ ಹುಟ್ಟೋಕೆ ಮುಂಚೆ ಏನೂ ತರಬಾರದು ಅಂತ ಬೇರೆ ಹೇಳಿದ್ದರಂತೆ. ನಂಬಿಕೆ ಏನಾದರೂ ಇರಲಿ, ಅಜ್ಜಿಯ ಲೆಕ್ಕ ಸರಿಯಾಗಿದೆ. ಎರಡೂವರೆ, ಮೂರು ಕೆಜಿಗೆ ಹುಟ್ಟುವ ಮಗು ಐದು ತಿಂಗಳಿಗೆಲ್ಲ ಅದರ ಎರಡರಷ್ಟು ತೂಗುತ್ತದೆ. ಹೊಸದಾಗಿ ಹುಟ್ಟಿದ ಸೈಜಿನ ಅಂಗಿ ಒಂದು, ಒಂದೂವರೆ ತಿಂಗಳು ಬಂದರೆ ಹೆಚ್ಚು.

ಹಾಗಾಗಿ ನಾನು ಮೊದಲ ನಲವತ್ತು ದಿನಕ್ಕೆ ಮಾತ್ರ ಪಟ್ಟಿ ಬರೆದುಕೊಡುತ್ತೇನೆ. ಮುಂದಿನದ್ದು ಮಗು ಬಂದ ಮೇಲೆ ತಾನಾಗಿ ಗೊತ್ತಾಗುತ್ತದೆ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರೆಂಟು ಸಲ ಉಚ್ಚೆ ಹೊಯ್ಯಲೇಬೇಕು. ಹಾಲು ಸಾಕಾಗುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಜೊತೆಗೆ ಕಕ್ಕ ಬೇರೆ. ಅದಕ್ಕೆ 25 ಲಂಗೋಟಿ. ಮುಂದೆ ಕಟ್ಟುವ ಹತ್ತಿ ಅಂಗಿ ಆರು, ಕುಲಾವಿ ಎರಡು, ಹತ್ತು ಸಲ ಒಗೆದು ಮೆತ್ತಗಾದ ಪಂಚೆ ಅಥವಾ ಸೀರೆಯ ನಾಲ್ಕು ತುಂಡು, ಒಂದು ರಬ್ಬರ್ ಶೀಟು, ಒಂದು ಸೊಳ್ಳೆ ಪರದೆ. ಅಕ್ಕನ ಮಗುವಿನ ಬಟ್ಟೆ ಸಿಕ್ಕರೆ ಇನ್ನೂ ಒಳ್ಳೆಯದು, ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿ. ಕೊನೆಗೆ ಒಂದು ಡಿಜಿಟಲ್ ಥರ್ಮಾಮೀಟರ್. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮನೆಯಲ್ಲಿ ಸಿರಪ್ ಹಾಕಿ ಕಾಯುವಂತಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಕೈಯಿಟ್ಟು ನೋಡಿದರೆ ಇದು ಗೊತ್ತಾಗುವುದಿಲ್ಲ.

ಪಟ್ಟಿಯಲ್ಲಿ ಆರು ಬಾಟಲ್, ಬಾಟಲ್ ಬಿಸಿ ಮಾಡುವ ಮೆಷಿನ್, ಸ್ಟೆರಿಲೈಸರ್ ಇದ್ದವು. ಫೀಡಿಂಗ್ ಬಾಟಲ್ ಮತ್ತು ಹಾಲಿನ ಪುಡಿಗೆ ಜಾಹೀರಾತು ಕೊಡಬಾರದು ಅಂತ ನಮ್ಮಲ್ಲಿ 1992ರಿಂದಲೇ ಕಾನೂನು ಇದೆ. ಆದರೂ ಗಿಫ್ಟ್ ಸೆಟ್ಟಿನಲ್ಲಿ ಬಾಟಲ್ ಹೇಗೋ ಮನೆಗೆ ಬಂದುಬಿಡುತ್ತದೆ. ಎದೆಹಾಲು ಹಿಂಡಿ ಕುಡಿಸಬೇಕಾಗಿ ಬಂದರೆ ಒಂದು ಒಳಲೆ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲು ಸಾಕು. ಅದರಲ್ಲಿ ಮೂಲೆ ಮುಡುಕು ಇಲ್ಲ, ಪಾತ್ರೆಯಲ್ಲಿ ಕುದಿಸಿದರೆ ಮುಗಿಯಿತು. ಎದೆಹಾಲು ಹಿಂಡುವ ಪಂಪ್ ಕೂಡ ಈಗಲೇ ಬೇಡ. ಆಕೆಗೆ 26 ವಾರ ರಜೆ ಇತ್ತು. ಕೆಲಸಕ್ಕೆ ಹೋಗುವ ತಿಂಗಳು ನೋಡೋಣ ಅಂದೆ.

ದಿಂಬಿನ ವಿಷಯಕ್ಕೆ ಮಾತ್ರ ಅಜ್ಜಿಗೂ ನನಗೂ ಆಗಿಬರುವುದಿಲ್ಲ. ತಲೆ ಗುಂಡಗಾಗಲಿ ಅಂತ ಸಾಸಿವೆ ದಿಂಬು ಇಡುತ್ತಾರಲ್ವಾ, ಒಂದು ವರ್ಷದವರೆಗೆ ಯಾವ ದಿಂಬೂ ಬೇಡ. ಗಟ್ಟಿ, ಸಮತಟ್ಟಾದ ಹಾಸಿಗೆ, ಮಗು ಅಂಗಾತ, ಸುತ್ತ ಏನೂ ಇಲ್ಲ. ತೊಟ್ಟಿಲಿನ ಒಳಸುತ್ತಿಗೆ ಕಟ್ಟುವ ಮೆತ್ತೆಗಳನ್ನು ಅಮೆರಿಕದಲ್ಲಿ 2022ರಲ್ಲಿ ನಿಷೇಧಿಸಿದರು. ಮಗುವಿನ ಮೂಗು ಅದಕ್ಕೆ ಒತ್ತಿಕೊಂಡು ಉಸಿರು ಕಟ್ಟಬಹುದು. ತಲೆ ಚಪ್ಪಟೆಯಾಗಬಾರದು ಅಂದರೆ ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ ಮುಖ ತಿರುಗಿಸಿ ಮಲಗಿಸಿ. ಎಚ್ಚರವಿದ್ದಾಗ, ಕಣ್ಣೆದುರೇ, ಸ್ವಲ್ಪ ಹೊತ್ತು ಬೋರಲು ಹಾಕಿ. ಅಜ್ಜಿ ಒಪ್ಪದಿದ್ದರೆ ತೊಟ್ಟಿಲು ಶಾಸ್ತ್ರದ ಫೋಟೋಗೆ ದಿಂಬು ಇಟ್ಟು ಆಮೇಲೆ ತೆಗೆಯಿರಿ. ಅಟ್ಟದಿಂದ ಇಳಿಸಿದ ತೊಟ್ಟಿಲಿನ ಸರಪಳಿ, ಸ್ಕ್ರೂ ಜಗ್ಗಿ ನೋಡಿ. ಅದು ಧಾರವಾಡ ಜಿಲ್ಲೆಯ ಕಲಘಟಗಿಯ ಹೆಸರಾಂತ ಬಣ್ಣದ ತೊಟ್ಟಿಲಾಗಿದ್ದರೆ ನೀವು ಪುಣ್ಯವಂತರು. ಮಿನಿಮಲಿಸ್ಟ್ ಅಂದುಕೊಂಡು ಸಾವಿರಾರು ರೂಪಾಯಿಯ ಫಾರಿನ್ ಮರದ ತೊಟ್ಟಿಲು ತರುವವರನ್ನೂ ನೋಡಿದ್ದೇನೆ. ಅದರಲ್ಲಿ ಕಮ್ಮಿಯಾಗಿರುವುದು ಅವರ ಜೇಬಿನ ದುಡ್ಡು ಮಾತ್ರ.

ವಾಕರ್ ಹೆಸರನ್ನು ನಾನೇ ಪೆನ್ನು ತೆಗೆದುಕೊಂಡು ಹೊಡೆದು ಹಾಕಿದೆ. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ಇಲ್ಲ. ಅದರಿಂದ ಮಗು ಬೇಗ ನಡೆಯುವುದೂ ಇಲ್ಲ. ನನ್ನ ಮಗನಿಗೂ ಯಾರೋ ಕೊಟ್ಟಿದ್ದರು, ಡಾಕ್ಟರ್ ಆಗಿದ್ದೂ ನಾನು ಸುಮ್ನೆ ಇದ್ದೆ. ಒಂದು ಸಂಜೆ ಅವನು ಸರ್ರನೆ ಹೊಸಿಲು ದಾಟಿ ಮೆಟ್ಟಿಲ ಕಡೆ ಹೊರಟ. ಹಿಂದಿನ ಚಕ್ರ ಹೊಸಿಲಿಗೆ ಸಿಕ್ಕಿಕೊಂಡಿದ್ದಕ್ಕೆ ಉಳಿದ. ಮಾರನೇ ದಿನ ವಾಕರ್ ಗುಜರಿಗೆ ಹೋಯಿತು.

ಇಷ್ಟೆಲ್ಲ ಹೊಡೆದ ಮೇಲೆ ಅವರ ಪಟ್ಟಿಯಲ್ಲೇ ಇಲ್ಲದ ಒಂದನ್ನು ಸೇರಿಸಿದೆ. ಕಾರ್ ಸೀಟ್, ಅಂದರೆ ಕಾರಿನ ಸೀಟಿಗೆ ಬಿಗಿದು ಮಗುವನ್ನು ಕೂರಿಸುವ ಪುಟ್ಟ ಸೀಟು. ಅವರ ಹತ್ತಿರ ಕಾರಿತ್ತು, ಮೂರು ತಿಂಗಳಾದ ಮೇಲೆ ಹಾಸನದಿಂದ ಬೆಂಗಳೂರಿಗೆ ಬರುವುದಿತ್ತು. "ಮಡಿಲಲ್ಲಿ ಇಟ್ಕೊಳ್ತೀನಲ್ಲ" ಅಂದಳು. ಎಲ್ಲರೂ ಹೇಳುವುದು ಇದನ್ನೇ. 40 ಕಿ.ಮೀ. ವೇಗದಲ್ಲಿ ಹೋಗುವ ಕಾರು ಗುದ್ದಿ ನಿಂತರೆ, ಅದು ಸುಮಾರು 20 ಅಡಿ ಎತ್ತರದಿಂದ ಬಿದ್ದ ಹಾಗೆ. ಎಂಥ ತಾಯಿಯ ಕೈಯೂ ಆ ಹೊತ್ತಿಗೆ ಮಗುವನ್ನು ಹಿಡಿದುಕೊಳ್ಳಲಾರದು. 2019ರ ಕಾನೂನು ತಿದ್ದುಪಡಿಯಲ್ಲಿ 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ ಅಂತಲೂ ಇದೆ, ಹಾಕುವವರು ಕಮ್ಮಿ ಅಷ್ಟೇ.

ಸೀಟು ಹಿಂದಿನ ಸಾಲಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಬೇಡವೇ ಬೇಡ. ಮಗುವಿಗೆ ದಪ್ಪ ಶಾಲು ಸುತ್ತಿ ಅದರ ಮೇಲೆ ಸೀಟಿನ ಪಟ್ಟಿ ಬಿಗಿಯಬೇಡಿ. ಪಟ್ಟಿ ಮೊದಲು, ಶಾಲು ಆಮೇಲೆ. ಬಿಗಿದ ಮೇಲೆ ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲ ಇದೆ ಅಂತ. ದಾರಿಯಲ್ಲಿ ನಿಲ್ಲಿಸಿ ಮಗುವನ್ನು ಹೊರಗೆ ತೆಗೆದು ಹಾಲು ಕೊಡಿ. ಮನೆಗೆ ಬಂದ ಮೇಲೆ ಅದರಲ್ಲೇ ನಿದ್ದೆ ಮಾಡಿಸಬೇಡಿ. ಬೇರೆ ಎಲ್ಲವನ್ನೂ ಹಳೆಯದು ತನ್ನಿ ಅನ್ನುವ ನಾನು ಇದೊಂದನ್ನು ಹೊಸದೇ ಕೊಳ್ಳಿ ಅನ್ನುತ್ತೇನೆ. ಹಳೆಯ ಸೀಟು ಯಾವ ಅಪಘಾತ ಕಂಡಿದೆಯೋ ನೋಡಿದರೆ ತಿಳಿಯುವುದಿಲ್ಲ.

ಅಕ್ಟೋಬರ್‌ನಲ್ಲಿ ಮೂವರೂ ಬಂದರು. ಗಂಡ ಕಾರ್ ಸೀಟಿನ ಬಕಲ್ ಬಿಚ್ಚುವುದನ್ನು ಕಿಟಕಿಯಿಂದ ನೋಡಿದೆ, ಕೈ ಪಳಗಿತ್ತು. ನನ್ನ ಪಟ್ಟಿ ಬಿಟ್ಟು ಏನು ತಗೊಂಡ್ರಿ ಅಂತ ಕೇಳಿದೆ.

"ಬಟ್ಟೆ ಒಣಗಿಸೋ ಸ್ಟ್ಯಾಂಡು, ಇನ್ನೊಂದು ಡಜನ್ ಲಂಗೋಟಿ. ಜುಲೈ ಮಳೇಲಿ 25 ಎಲ್ಲಿ ಸಾಕಾಗುತ್ತೆ ಡಾಕ್ಟ್ರೇ? ಅಜ್ಜಿ ಒಲೆ ಮುಂದೆ ಹಗ್ಗ ಕಟ್ಟಿದ್ರು."

ಮಳೆಗಾಲದ ಹೆರಿಗೆಗೆ 40 ಅಂತ ನನ್ನ ಪಟ್ಟಿಯನ್ನು ಆವತ್ತೇ ತಿದ್ದಿಕೊಂಡೆ.