ದೂರ ಅಳೆಯುವುದು ಸುಲಭ, ಗಾಳಿಯದ್ದೇ ಗೋಳು

ದೂರದ ಗುರಿಗೆ ರೈಫಲ್ ಹೊಡೆಯುವ ಆಟಕ್ಕೆ ಹೊಸದಾಗಿ ಇಳಿದವರು ಅಂಗಡಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇದು ಎಷ್ಟು ದೂರದವರೆಗೆ ಅಳೆಯುತ್ತದೆ?’ ಕೈಯಲ್ಲಿರುವುದು ಲೇಸರ್ ರೇಂಜ್‌ಫೈಂಡರ್. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 2000 ಗಜ, 3000 ಗಜ ಎಂದು ಅಚ್ಚಾಗಿರುತ್ತದೆ. ಗಾಳಿಮಾಪಕದ ನೆನಪಾಗುವುದು ಬಿಲ್ ಮಾಡುವ ಹೊತ್ತಿಗೆ, ಅದೂ ‘ಯಾವುದಾದರೊಂದು ಕೊಡಿ’ ಎನ್ನುವ ಧಾಟಿಯಲ್ಲಿ. ಕೊಲರಾಡೊದಲ್ಲಿ ಈ ಉಪಕರಣಗಳನ್ನು ಮಾರುತ್ತ, ರಿಪೇರಿ ಮಾಡುತ್ತ, ವಾರಾಂತ್ಯಗಳಲ್ಲಿ ಕಲಿಸುತ್ತ ಬಂದಿರುವ ನನಗೆ ಈ ಕ್ರಮ ತಲೆಕೆಳಗಾಗಿ ಕಾಣುತ್ತದೆ. ಏಕೆಂದು ಹೇಳಲು ಸ್ವಲ್ಪ ಲೆಕ್ಕ ಮಾಡಬೇಕು.

.308 ವಿಂಚೆಸ್ಟರ್ ತೋಟಾವನ್ನೇ ತೆಗೆದುಕೊಳ್ಳೋಣ. 175 ಗ್ರೇನ್, ಅಂದರೆ ಸುಮಾರು 11 ಗ್ರಾಂ ತೂಕದ ಗುಂಡು, ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ 2600 ಅಡಿ, ಗುರಿ 1000 ಗಜ ದೂರದಲ್ಲಿ, ಅಂದರೆ 914 ಮೀಟರ್. ಗುಂಡು ಅಲ್ಲಿಗೆ ತಲುಪಲು ಸುಮಾರು 1.7 ಸೆಕೆಂಡ್ ಬೇಕು. ಸಮುದ್ರಮಟ್ಟದ ಗಾಳಿಯಲ್ಲಿ, ಗಂಟೆಗೆ ಒಂದು ಮೈಲಿ ವೇಗದ ಅಡ್ಡಗಾಳಿ ಈ ಗುಂಡನ್ನು ಸುಮಾರು 25 ಸೆಂಟಿಮೀಟರ್ ಪಕ್ಕಕ್ಕೆ ಒಯ್ಯುತ್ತದೆ. ಒಂದು ಮೈಲಿ ಎಂದರೆ ಕೆನ್ನೆಗೂ ಗೊತ್ತಾಗದ ಗಾಳಿ. ಇನ್ನು ದೂರದ ಅಳತೆಯಲ್ಲಿ ತಪ್ಪಿ ಅಷ್ಟೇ 25 ಸೆಂಟಿಮೀಟರ್ ಮೇಲೆ ಕೆಳಗೆ ಆಗಬೇಕಾದರೆ ಸುಮಾರು 10 ಮೀಟರ್ ತಪ್ಪು ಓದಬೇಕು. ಇವತ್ತಿನ ಸಾಧಾರಣ ರೇಂಜ್‌ಫೈಂಡರ್ ಕೂಡ ಸರಿಯಾದ ವಸ್ತುವಿನ ಮೇಲೆ ಬಿದ್ದರೆ ಒಂದೆರಡು ಮೀಟರ್‌ಗಿಂತ ಹೆಚ್ಚು ತಪ್ಪುವುದಿಲ್ಲ. ಗಾಳಿಯಲ್ಲಿ ಎರಡು ಮೂರು ಮೈಲಿ ತಪ್ಪು ಅಂದಾಜು ಮಾಡದ ಮನುಷ್ಯನನ್ನು ಮಾತ್ರ ನಾನು ಇನ್ನೂ ಕಂಡಿಲ್ಲ. ಹಣವೆಲ್ಲ ರೇಂಜ್‌ಫೈಂಡರ್‌ಗೆ ಸುರಿದು ಗಾಳಿಯನ್ನು ಅದೃಷ್ಟಕ್ಕೆ ಬಿಡುವವರ ಗುರಿಯಾದ ಉಕ್ಕಿನ ತಟ್ಟೆಗಳಿಗೆ ಗುಂಡು ತಾಗದೆ ಬಣ್ಣ ಹಾಗೇ ಉಳಿಯುವುದು ಇದಕ್ಕೇ.

‘ಸರಿಯಾದ ವಸ್ತುವಿನ ಮೇಲೆ ಬಿದ್ದರೆ’ ಎಂದೆನಲ್ಲ, ರೇಂಜ್‌ಫೈಂಡರ್ ಆಯ್ಕೆಯ ಗುಟ್ಟೆಲ್ಲ ಅಲ್ಲಿದೆ. ಉಪಕರಣ ಒಂದು ಬೆಳಕಿನ ತುಣುಕನ್ನು ಕಳಿಸಿ, ಅದು ಹಿಂದಿರುಗಲು ಹಿಡಿದ ಸಮಯವನ್ನು ಎಣಿಸುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಓಡುವುದರಿಂದ ಸಾವಿರ ಗಜದ ಹೋಗಿಬರುವ ಪಯಣ ಆರು ಮೈಕ್ರೋಸೆಕೆಂಡಿನಷ್ಟು. ಆ ಎಣಿಕೆಯಲ್ಲಿ ಯಂತ್ರ ಎಡವುವುದು ಅಪರೂಪ. ಯಾವುದಕ್ಕೆ ತಗುಲಿ ಬಂದ ಬೆಳಕು ಎಂಬುದರಲ್ಲಿ ಎಡವುತ್ತದೆ. ಕಿರಣ ದಾರದಂತೆ ನೇರ ಹೋಗುವುದಿಲ್ಲ, ಹರಡುತ್ತ ಹೋಗುತ್ತದೆ. ಹರಹನ್ನು ಮಿಲಿರೇಡಿಯನ್‌ನಲ್ಲಿ ಹೇಳುತ್ತಾರೆ. ಒಂದು ಮಿಲಿರೇಡಿಯನ್ ಎಂದರೆ 1000 ಮೀಟರ್ ದೂರದಲ್ಲಿ ಒಂದು ಮೀಟರ್ ಅಗಲ. ಹರಹು ಒಂದೂವರೆ ಇದ್ದರೆ ಅಲ್ಲಿ ಒಂದೂವರೆ ಮೀಟರ್ ಅಗಲದ ಬೆಳಕಿನ ತೇಪೆ ಬೀಳುತ್ತದೆ. ಅದರ ನಡುವೆ 30 ಸೆಂಟಿಮೀಟರ್ ಉಕ್ಕಿನ ತಟ್ಟೆ ಇದ್ದರೆ ಹಿಂದಿರುಗುವ ಬೆಳಕಿನ ಹೆಚ್ಚಿನ ಪಾಲು ತಟ್ಟೆಯದ್ದಲ್ಲ, ಹಿಂದಿನ ಮಣ್ಣಿನ ದಿಬ್ಬದ್ದು ಅಥವಾ ಮುಂದಿನ ಹುಲ್ಲಿನದ್ದು.

ದಿಬ್ಬ ತಟ್ಟೆಗೆ ಅಂಟಿಕೊಂಡಂತೆ ಇದ್ದರೆ ತೊಂದರೆಯಿಲ್ಲ. ಪೂರ್ವ ಕೊಲರಾಡೊದ ಚಪ್ಪಟೆ ಹುಲ್ಲುಗಾವಲಿನಲ್ಲಿ ಕಥೆ ಬೇರೆ. ನೆಲಕ್ಕೆ ಒಂದು ಡಿಗ್ರಿ ಓರೆಯಲ್ಲಿ ಸವರಿಕೊಂಡು ಹೋಗುವ ಕಿರಣ ಒಂದು ಮೀಟರ್ ಎತ್ತರವಿದ್ದರೆ ನೆಲದ ಮೇಲೆ 57 ಮೀಟರ್ ಉದ್ದಕ್ಕೆ ಮಲಗುತ್ತದೆ. ಆ ಉದ್ದದಲ್ಲಿ ಎಲ್ಲಿಂದ ಬೇಕಾದರೂ ಉತ್ತರ ಬರಬಹುದು, ಪರದೆಯ ಮೇಲೆ ಮಾತ್ರ ಒಂದೇ ಒಂದು ಸಂಖ್ಯೆ ಆತ್ಮವಿಶ್ವಾಸದಿಂದ ಹೊಳೆಯುತ್ತದೆ. ಬಹಳಷ್ಟು ಉಪಕರಣಗಳ ಕಿರಣ ದುಂಡಗಿರುವುದಿಲ್ಲ, ಆಯತಾಕಾರದಲ್ಲಿರುತ್ತದೆ. ಬಯಲಿಗೆ ಅಡ್ಡ ಮಲಗಿದ ಆಯತ ಒಳ್ಳೆಯದು, ಮರಗಳ ನಡುವಿನ ಸಂದಿಗೆ ನಿಂತ ಆಯತ. ತಿಳಿದವರು ಬಯಲಿನಲ್ಲಿ ಉಪಕರಣವನ್ನೇ ಪಕ್ಕಕ್ಕೆ ಹೊರಳಿಸಿ ಮತ್ತೊಮ್ಮೆ ಅಳೆಯುತ್ತಾರೆ. ಎರಡು ಉತ್ತರ ಬೇರೆ ಬಂದರೆ ನೆಲ ಮಾತಾಡುತ್ತಿದೆ ಎಂದರ್ಥ.

ಪೆಟ್ಟಿಗೆಯ ಮೇಲಿನ 2000 ಗಜದ ವಿಷಯಕ್ಕೆ ಬಂದರೆ, ಅದು ಕನ್ನಡಿಯಂತೆ ಹೊಳೆಯುವ ಫಲಕಕ್ಕೆ ಕೊಟ್ಟ ಸಂಖ್ಯೆ. ಕೆಳಗೆ ಸಣ್ಣಕ್ಷರದಲ್ಲಿ ಮರಕ್ಕೆ ಎಷ್ಟು, ಜಿಂಕೆಗೆ ಎಷ್ಟು ಎಂದಿರುತ್ತದೆ. ನೀವು ನೋಡಬೇಕಾದದ್ದು ಕೊನೆಯದನ್ನು. ಅದೂ ಮೋಡ ಕವಿದ ಸಂಜೆಯ ಲೆಕ್ಕ. ನಡುಮಧ್ಯಾಹ್ನದ ಬಿಸಿಲು, ಹಿಂದಿರುಗಿದ ಬೆಳಕನ್ನು ಹಿಡಿಯುವ ಸಂವೇದಕದೊಳಗೆ ಬೇಡದ ಬೆಳಕಿನ ಗದ್ದಲ ತುಂಬಿ ಆ ಸಂಖ್ಯೆಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಕೈಗೆಟಕುವ ಬೆಲೆಯವೆಲ್ಲ ಬಹುತೇಕ 905 ನ್ಯಾನೋಮೀಟರ್ ಲೇಸರ್ ಬಳಸುತ್ತವೆ. ಸೈನ್ಯದವರು ಇಷ್ಟಪಡುವ 1550 ನ್ಯಾನೋಮೀಟರ್‌ನದು ಕಣ್ಣಿಗೆ ಹೆಚ್ಚು ಸುರಕ್ಷಿತ, ಆದ್ದರಿಂದ ಹೆಚ್ಚು ಶಕ್ತಿ ಹರಿಸಬಹುದು. ಆದರೆ ನೀರು ಆ ತರಂಗವನ್ನು ಚೆನ್ನಾಗಿ ಹೀರುತ್ತದೆ, ಸಂವೇದಕಕ್ಕೆ ದುಬಾರಿ ಅರೆವಾಹಕ ಬೇಕು, ಬೆಲೆ ಕೇಳಿದರೆ ಮನೆಯವರ ಮುಖ ಕಣ್ಮುಂದೆ ಬರುತ್ತದೆ. 1200 ಗಜದೊಳಗೆ ಆಡುವವರಿಗೆ ಕಿರಿದಾದ ಕಿರಣದ 905 ಧಾರಾಳ ಸಾಕು.

ಕೊಂಡ ದಿನವೇ ಮಾಡಬೇಕಾದ ಒಂದು ಪರೀಕ್ಷೆ ಇದೆ. ಕಣ್ಣಿಗೆ ಕಾಣುವ ಕೆಂಪು ಗುರುತು ಮತ್ತು ಕಾಣದ ಕಿರಣ ಎರಡೂ ಒಂದೇ ಜಾಗಕ್ಕೆ ಬೀಳುತ್ತಿವೆ ಎಂದು ನಂಬಿಬಿಡಬೇಡಿ. ಹಿಂದೆ ಬರೀ ಆಕಾಶವಿರುವ ಒಂದು ಒಂಟಿ ವಿದ್ಯುತ್ ಕಂಬ ಹುಡುಕಿ. ಉಪಕರಣವನ್ನು ಟ್ರೈಪಾಡ್ ಮೇಲಿಟ್ಟು, ಬಿಡದೆ ಅಳೆಯುತ್ತಲೇ ಇರುವ ಸ್ಕ್ಯಾನ್‌ಗೆ ಹಾಕಿ, ಗುರುತನ್ನು ಎಡದಿಂದ ಕಂಬದತ್ತ ನಿಧಾನವಾಗಿ ತನ್ನಿ. ದೂರ ತೋರಿಸಲು ಶುರುವಾದ ಜಾಗ, ನಿಂತ ಜಾಗ ಎರಡನ್ನೂ ಚೀಟಿಯಲ್ಲಿ ಗುರುತು ಹಾಕಿ. ಕಂಬದ ತುದಿಗೆ ಮೇಲಿನಿಂದಲೂ ಹಾಗೆಯೇ ಮಾಡಿ. ಕಿರಣದ ನಿಜವಾದ ಅಗಲ, ಎತ್ತರ, ಅದು ಗುರುತಿನಿಂದ ಎಷ್ಟು ಸರಿದಿದೆ, ಎಲ್ಲ ಕಾಗದದ ಮೇಲೆ ಬರುತ್ತದೆ. ಕಿರಣ ಗುರುತಿನ ಕೆಳಬಲ ಮೂಲೆಯಲ್ಲಿ ಕೂತಿರುವ ಉಪಕರಣ ಕೆಟ್ಟದ್ದೇನಲ್ಲ. ಮಾಲೀಕನಿಗೆ ಅದು ಗೊತ್ತಿಲ್ಲದಿದ್ದರೆ ಕೆಟ್ಟದ್ದು.

ಇನ್ನೊಂದು ತಪ್ಪು ತರಗತಿಯಲ್ಲಿ ಪದೇಪದೇ ಎದುರಾಗುತ್ತದೆ. ಗುಡ್ಡದಿಂದ ಕೆಳಕ್ಕೆ ಹೊಡೆಯುವಾಗ ಗುಂಡಿನ ಇಳಿತ ಓರೆ ದೂರಕ್ಕಿಂತ ಸಮತಲ ದೂರಕ್ಕೆ ಹತ್ತಿರವಿರುತ್ತದೆ. 20 ಡಿಗ್ರಿ ಇಳಿಜಾರಿನಲ್ಲಿ 800 ಗಜ ಎಂದರೆ 752ರ ಲೆಕ್ಕ. ರೇಂಜ್‌ಫೈಂಡರ್ ಈ ಕಡಿತವನ್ನು ತಾನೇ ಮಾಡಿ ಕೊಡುತ್ತದೆ. ಗುಂಡಿನ ಹಾದಿಯನ್ನು ಎಣಿಸುವ ಬ್ಯಾಲಿಸ್ಟಿಕ್ ಲೆಕ್ಕದ ಯಂತ್ರವೂ ಕೋನ ಕೇಳಿ ತಾನೂ ಕಡಿತ ಮಾಡುತ್ತದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಒಂದೇ ಸಾಲಕ್ಕೆ ಎರಡು ಸಲ ಬಡ್ಡಿ ಕಟ್ಟಿದಂತೆ. ರೇಂಜ್‌ಫೈಂಡರ್ ಓರೆ ದೂರ ಮತ್ತು ಕೋನವನ್ನಷ್ಟೇ ಕೊಡಲಿ, ಲೆಕ್ಕ ಒಂದೇ ಕಡೆ ನಡೆಯಲಿ.

ಇಷ್ಟೆಲ್ಲ ಎಲ್ಲರಿಗೂ ಬೇಕೇ? ಬೇಡ. ಇಂಗ್ಲೆಂಡಿನ ಬಿಸ್ಲಿಗೆ ಹೋಗಿ. ಅಲ್ಲಿನ ರಾಷ್ಟ್ರೀಯ ರೈಫಲ್ ಸಂಸ್ಥೆ ವಿಂಬಲ್ಡನ್ ಬಿಟ್ಟು 1890ರಲ್ಲಿ ಬಂದು ನೆಲೆಸಿದ ಜಾಗ ಅದು. ಸ್ಟಿಕಲ್‌ಡೌನ್ ಮೈದಾನ 1200 ಗಜದವರೆಗೆ ಚಾಚಿದೆ, ದೂರವೆಲ್ಲ ಮೊದಲೇ ಗೊತ್ತು, ಬಾವುಟಗಳನ್ನು ಓದುವುದೇ ವಿದ್ಯೆ. ಭಾರತದ ಸ್ಪರ್ಧೆಗಳಲ್ಲಿ ಬಿಗ್ ಬೋರ್ ರೈಫಲ್‌ಗೆ 300 ಮೀಟರ್, ಅದೂ ಗೊತ್ತಿರುವ ದೂರವೇ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹೊತ್ತಿಗೆ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವವರಿಗಂತೂ ಈ ಎರಡೂ ಯಂತ್ರ ಕೊಟ್ಟರೆ ನಕ್ಕಾರು. ಅಮೆರಿಕದ ಎನ್‌ಆರ್‌ಎಲ್ (ನ್ಯಾಷನಲ್ ರೈಫಲ್ ಲೀಗ್) ಹಂಟರ್ ಮಾದರಿಯ ಪಂದ್ಯಗಳಲ್ಲಿ ಮಾತ್ರ ಗುರಿ ಎಲ್ಲಿದೆ, ಎಷ್ಟು ದೂರ ಎಂದು ಯಾರೂ ಹೇಳುವುದಿಲ್ಲ. ಹುಡುಕಿ, ಅಳೆದು, ಹೊಡೆದು ಮುಗಿಸಲು ನಾಲ್ಕು ನಿಮಿಷ. ಅಲ್ಲಿ ರೇಂಜ್‌ಫೈಂಡರ್‌ನ ಬೆಲೆ ವಸೂಲಾಗುತ್ತದೆ.

ಈಗ ಗಾಳಿಮಾಪಕ. ಈ ಮೈದಾನಗಳಲ್ಲಿ ಹೆಚ್ಚಾಗಿ ಕಾಣುವುದು ಪೆನ್ಸಿಲ್ವೇನಿಯಾದ ನೀಲ್ಸನ್-ಕೆಲ್ಲರ್‌ಮನ್ ಕಂಪನಿಯ ಕೆಸ್ಟ್ರೆಲ್. ಸಣ್ಣ ಪಂಖ ತಿರುಗುತ್ತದೆ, ಅದರ ಸುತ್ತು ಎಣಿಸಿ ವೇಗ ಹೇಳುತ್ತದೆ. ಸೆಕೆಂಡಿಗೆ 0.6 ಮೀಟರ್‌ಗಿಂತ ಕೆಳಗಿನ ಗಾಳಿಗೆ ಪಂಖ ಅಲುಗುವುದಿಲ್ಲ, ಆದ್ದರಿಂದ ಸೊನ್ನೆ ತೋರಿಸಿದರೆ ಗಾಳಿಯೇ ಇಲ್ಲ ಎಂದಲ್ಲ. ಪಂಖವಿಲ್ಲದ, ಶ್ರವಣಾತೀತ ಧ್ವನಿಯಿಂದ ಅಳೆಯುವವೂ ಬಂದಿವೆ. ಸವೆಯುವ ಭಾಗವಿಲ್ಲ ಎಂಬುದು ಅವುಗಳ ಹೆಗ್ಗಳಿಕೆ. ಸುಮಾರು ನೂರು ಡಾಲರಿನ ಬರೀ ಗಾಳಿ ಅಳೆಯುವ ಮಾದರಿಯಿಂದ ಹಿಡಿದು ಬ್ಯಾಲಿಸ್ಟಿಕ್ ಲೆಕ್ಕವನ್ನೂ ಒಳಗಿಟ್ಟುಕೊಂಡ, ಅದರ ಹಲವು ಪಟ್ಟು ಬೆಲೆಯ ಮಾದರಿಗಳವರೆಗೆ ಸಿಗುತ್ತವೆ. ನನ್ನ ಅಭಿಪ್ರಾಯ ಮಾರಾಟಗಾರನಿಗೆ ಒಪ್ಪುವಂಥದ್ದಲ್ಲ: ಮೊದಲ ವರ್ಷಕ್ಕೆ ಅಗ್ಗದ್ದೇ ಸಾಕು. ಗಾಳಿ ಅಳೆಯುವುದರಲ್ಲಿ ದುಬಾರಿಯದ್ದು ಹೆಚ್ಚು ನಿಖರವೇನಲ್ಲ.

ಏಕೆಂದರೆ ಎರಡೂ ಅಳೆಯುವುದು ನೀವು ನಿಂತ ಜಾಗದ ಗಾಳಿಯನ್ನು. ಗುಂಡು ಹಾರುವುದು ಬೇರೆ ಗಾಳಿಯಲ್ಲಿ. ಸಾವಿರ ಗಜದ ಆ .308 ಗುಂಡು ನಡುದಾರಿಯಲ್ಲಿ ನೋಟದ ಗೆರೆಗಿಂತ ಸುಮಾರು ನಾಲ್ಕು ಮೀಟರ್ ಮೇಲೆ ಸಾಗುತ್ತದೆ, ಅಲ್ಲಿ ಗಾಳಿ ನೆಲಮಟ್ಟಕ್ಕಿಂತ ಬಿರುಸು. ಮಲಗಿ ಹೊಡೆಯುವವರು ಮಲಗಿದಲ್ಲೇ ಕೈ ಚಾಚಿ ಅಳೆಯುವುದನ್ನು ನೋಡಿ ಸಾಕಾಗಿದೆ. ಹುಲ್ಲಿನ ಎತ್ತರದ ಗಾಳಿ ಎಷ್ಟಿದ್ದರೆ ಯಾರಿಗೇನು? ಎದ್ದು ನಿಂತು, ತಲೆಗಿಂತ ಮೇಲೆ ಹಿಡಿದು, ಒಂದು ನಿಮಿಷವಾದರೂ ನೋಡಿ. ಸರಾಸರಿಯೊಂದನ್ನೇ ಬರೆದುಕೊಳ್ಳಬೇಡಿ, ತಗ್ಗು ಆರು, ಏರು ಹತ್ತು ಎಂದು ಎರಡೂ ಅಂಚು ತಿಳಿದಿರಲಿ. ಗುಂಡು ಹೊರಡುವುದು ಸರಾಸರಿಯಲ್ಲಲ್ಲ, ಆ ಗಳಿಗೆಯ ಗಾಳಿಯಲ್ಲಿ.

ಮಾಪಕದ ನಿಜವಾದ ಕೆಲಸ ಕಣ್ಣಿಗೆ ಪಾಠ ಹೇಳುವುದು. ನನ್ನ ತರಗತಿಯ ನಿಯಮ ಇಷ್ಟೇ: ಮೊದಲು ಬಾಯಿಬಿಟ್ಟು ಅಂದಾಜು ಹೇಳಬೇಕು, ಆಮೇಲೆ ಮಾಪಕ ತೆಗೆಯಬೇಕು. ಗಂಟೆಗೆ ಮೂರರಿಂದ ಐದು ಮೈಲಿಯಲ್ಲಿ ಗಾಳಿ ಮುಖಕ್ಕೆ ಮೆಲ್ಲಗೆ ತಾಗುತ್ತದೆ, ಐದರಿಂದ ಎಂಟರಲ್ಲಿ ಎಲೆಗಳು ಬಿಡುವಿಲ್ಲದೆ ಅಲುಗುತ್ತವೆ, ಎಂಟರಿಂದ ಹನ್ನೆರಡರಲ್ಲಿ ಧೂಳೂ ಕಾಗದದ ಚೂರೂ ಏಳುತ್ತವೆ. ಸ್ಪಾಟಿಂಗ್ ಸ್ಕೋಪನ್ನು, ಅಂದರೆ ಗುರಿ ನೋಡುವ ದುರ್ಬೀನನ್ನು, ಗುರಿಗಿಂತ ತುಸು ಹತ್ತಿರಕ್ಕೆ ಫೋಕಸ್ ಮಾಡಿದರೆ ಬಿಸಿಲುಗುದುರೆ ಹರಿಯುವುದು ಕಾಣುತ್ತದೆ. ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಗಾಳಿ ಇಲ್ಲ, ಇಲ್ಲವೇ ಸರಿಯಾಗಿ ಎದುರಿನಿಂದ ಅಥವಾ ಬೆನ್ನ ಹಿಂದಿನಿಂದ ಇದೆ. ಓರೆಯಾಗಿ ಹರಿದರೆ ಅಡ್ಡಗಾಳಿ. ಹನ್ನೆರಡು ಮೈಲಿಯ ಸುಮಾರಿಗೆ ಪೂರಾ ಚಪ್ಪಟೆಯಾಗಿ ಓಡುತ್ತದೆ, ಅಲ್ಲಿಂದಾಚೆಗೆ ವೇಗ ಹೆಚ್ಚಿದರೂ ಅದರಲ್ಲಿ ವ್ಯತ್ಯಾಸ ತಿಳಿಯದು. ಅರ್ಧ ಮೈಲಿ ಆಚೆಯ ಹುಲ್ಲು ಹೇಗೆ ಬಾಗುತ್ತಿದೆ ಎಂಬುದನ್ನು ಕೈಯಲ್ಲಿನ ಮಾಪಕ ಎಂದೂ ಹೇಳಲಾರದು. ಹತ್ತಿರದ ಹುಲ್ಲನ್ನು ಮಾಪಕದ ಜೊತೆ ಹೋಲಿಸಿ ಕಲಿತ ಕಣ್ಣು ಹೇಳುತ್ತದೆ.

ದಿಕ್ಕಿನ ವಿಷಯದಲ್ಲೂ ಒಂದು ಮಾತು. 45 ಡಿಗ್ರಿ ಓರೆಯಿಂದ ಬರುವ ಗಾಳಿಯನ್ನು ಅರ್ಧ ಎಂದು ಎಣಿಸುವವರು ಬಹಳ. ಅದು ಅರ್ಧವಲ್ಲ, 0.7. ಅರ್ಧವಾಗುವುದು 30 ಡಿಗ್ರಿಯಲ್ಲಿ. 60ಕ್ಕೆ ಬಂದರೆ 0.87, ಅಂದರೆ ಪೂರ್ತಿ ಎಂದೇ ಹಿಡಿಯಬಹುದು. ದಿಕ್ಸೂಚಿಯಿರುವ ಮಾದರಿಗಳು ಈ ಗುಣಾಕಾರವನ್ನು ತಾವೇ ಮಾಡುತ್ತವೆ, ಆದರೆ ಬ್ಯಾಟರಿ ಬದಲಿಸಿದಾಗ ದಿಕ್ಸೂಚಿಯನ್ನು ಮತ್ತೆ ಹೊಂದಿಸಬೇಕು, ಅದೂ ರೈಫಲ್ ಮತ್ತು ವಾಹನದಿಂದ ದೂರ ನಿಂತು.

ದುಬಾರಿ ಮಾದರಿ ನಿಜವಾಗಿ ಕೊಟ್ಟ ಹಣಕ್ಕೆ ತಕ್ಕುದಾಗುವುದು ಗಾಳಿಯ ವೇಗದಲ್ಲಲ್ಲ, ಗಾಳಿಯ ಸಾಂದ್ರತೆಯಲ್ಲಿ. ಒತ್ತಡ ಹೆಚ್ಚಿದಷ್ಟೂ ಗಾಳಿ ದಟ್ಟ, ದಟ್ಟ ಗಾಳಿ ಗುಂಡನ್ನು ಹೆಚ್ಚು ತಡೆಯುತ್ತದೆ. ಇಲ್ಲೊಂದು ಹಳ್ಳ ಇದೆ. ಮೊಬೈಲಿನ ಹವಾಮಾನ ಆ್ಯಪ್ ಡೆನ್ವರ್‌ನಲ್ಲಿ 1013 ಹೆಕ್ಟೋಪಾಸ್ಕಲ್ ಆಸುಪಾಸಿನ ಒತ್ತಡ ತೋರಿಸುತ್ತದೆ. ಅದು ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಸಂಖ್ಯೆ. 1600 ಮೀಟರ್ ಎತ್ತರದ ಆ ಊರಿನಲ್ಲಿ ನಿಜವಾಗಿ ಇರುವ ಒತ್ತಡ 840ರ ಸುಮಾರು. 920 ಮೀಟರ್ ಎತ್ತರದ ಬೆಂಗಳೂರಿನಲ್ಲೂ ಹೀಗೇ: ಪತ್ರಿಕೆಯ ಹವಾಮಾನ ವರದಿಯಲ್ಲಿ ಸಾವಿರದ ಮೇಲಿರುವ ಸಂಖ್ಯೆ ನಿಮ್ಮ ಬಾಲ್ಕನಿಯಲ್ಲಿ 910ರ ಹತ್ತಿರ. ಆ್ಯಪ್‌ನ ಸಂಖ್ಯೆಯನ್ನು ಸ್ಥಳೀಯ ಒತ್ತಡವೆಂದು ಲೆಕ್ಕಕ್ಕೆ ತುಂಬಿದರೆ ಡೆನ್ವರ್‌ನಲ್ಲಿ ಸಾವಿರ ಗಜದ .308 ಗುಂಡು ಒಂದು ಮಿಲಿರೇಡಿಯನ್‌ಗೂ ಹೆಚ್ಚು, ಅಂದರೆ ಹೆಚ್ಚುಕಡಿಮೆ ಒಂದು ಮೀಟರ್, ತಟ್ಟೆಯ ಮೇಲೆ ಹಾದು ಹೋಗುತ್ತದೆ. ಹೊಡೆದವನು ದುರ್ಬೀನು ಸಡಿಲವಾಗಿದೆಯೇ ಎಂದು ತಿರುಪುಗಳನ್ನು ಬಿಗಿಮಾಡುತ್ತ ಕೂರುತ್ತಾನೆ. ಒತ್ತಡ ಅಳೆಯುವ ಮಾಪಕ ಕೈಯಲ್ಲಿದ್ದೂ ಅದರಲ್ಲಿ ಎತ್ತರದ ಉಲ್ಲೇಖವನ್ನು, ಅಂದರೆ ಊರಿನ ಎತ್ತರವನ್ನು, ತುಂಬಿಟ್ಟರೆ ಅದೇ ತಪ್ಪು ಹಿಂಬಾಗಿಲಿನಿಂದ ಬರುತ್ತದೆ, ಉಲ್ಲೇಖ ಸೊನ್ನೆಯಲ್ಲಿರಲಿ. ಉಷ್ಣಾಂಶಕ್ಕೆ ಮಾಪಕವನ್ನು ಜೇಬಿನಿಂದ ತೆಗೆದ ತಕ್ಷಣ ಓದಬೇಡಿ, ಅದು ಹೇಳುವುದು ನಿಮ್ಮ ಮೈಬಿಸಿ. ನೆರಳಿನಲ್ಲಿ ಗಾಳಿಗೊಡ್ಡಿ ಕೆಲವು ನಿಮಿಷ ಬಿಡಿ.

ರೇಂಜ್‌ಫೈಂಡರ್ ಮತ್ತು ಮಾಪಕ ಬ್ಲೂಟೂತ್‌ನಲ್ಲಿ ಮಾತಾಡಿಕೊಳ್ಳುವ ಜೋಡಿಗಳು ಈಗ ಫ್ಯಾಷನ್. ನಾಲ್ಕು ನಿಮಿಷದ ಪಂದ್ಯದಲ್ಲಿ ನಿಜಕ್ಕೂ ಉಪಯೋಗ. ಆದರೂ ಒಂದು ಸಣ್ಣ ಕೋಷ್ಟಕವನ್ನು ಕಾಗದದಲ್ಲಿ ಬರೆದು ರೈಫಲ್ ಹಿಡಿಕೆಗೆ ಅಂಟಿಸಿಕೊಳ್ಳಿ ಎನ್ನುತ್ತೇನೆ. ಜನವರಿಯ ಚಳಿಯಲ್ಲಿ ಸಾಮಾನ್ಯ ಬ್ಯಾಟರಿ ಕೈಕೊಡುವುದು ಖಚಿತ, ಲಿಥಿಯಂ ಹಾಕಿದವರು ಸ್ವಲ್ಪ ಹೆಚ್ಚು ಹೊತ್ತು ಬಾಳುತ್ತಾರೆ.

ರಿಪೇರಿಗೆ ಬರುವ ಮಾಪಕಗಳಲ್ಲಿ ಹೆಚ್ಚಿನವು ಹಾಳಾಗಿರುವುದು ಬೀಳಿಸಿದ್ದರಿಂದಲ್ಲ, ಶುಚಿಮಾಡಿದ್ದರಿಂದ. ಪಂಖದಲ್ಲಿ ಧೂಳು ಕಂಡು ಏರ್ ಕಂಪ್ರೆಸರ್ ಹಿಡಿಯುತ್ತಾರೆ. ಅದು ಮಿತಿಮೀರಿದ ವೇಗದಲ್ಲಿ ತಿರುಗಿ ನೀಲಮಣಿಯ ಬೇರಿಂಗ್ ಕೆಡುತ್ತದೆ, ಆಮೇಲೆ ಹತ್ತು ಮೈಲಿ ಗಾಳಿಗೆ ಎಂಟು ತೋರಿಸುತ್ತ ಕಾಲ ಹಾಕುತ್ತದೆ. ಮೆತ್ತಗಿನ ಕುಂಚ ಸಾಕು. ಕೆಸ್ಟ್ರೆಲ್‌ನ ಪಂಖ ಬಿಡಿಯಾಗಿ ಸಿಗುತ್ತದೆ, ಎರಡು ಹೆಬ್ಬೆರಳಿನಿಂದ ಅದರ ಚೌಕಟ್ಟನ್ನು ಒತ್ತಿದರೆ ಹಳೆಯದು ಹೊರಬರುತ್ತದೆ. ಹೊಸದನ್ನು ಕೂರಿಸುವಾಗ ಬಾಣದ ಗುರುತು ಸರಿಯಾಗಿ ಮೇಲಕ್ಕೆ ಬರುವಂತೆ ನೋಡಿಕೊಳ್ಳಿ. ನನ್ನ ಅಂಗಡಿಗೆ ಕಳಿಸುವ ಅಗತ್ಯವಿಲ್ಲ.